ಹಾಜರಿ ಪುಸ್ತಕದ ಕಡತಪ್ಪ

ಫೋಟೊ ಬಹಳ ಚೆನ್ನಾಗಿ ಬಂದಿತ್ತು. ತನ್ನ ಮದುವೆಯ ಫೋಟೊದಲ್ಲೂ ಕಡತಪ್ಪ ಇಷ್ಟು ನೆಟ್ಟಗೆ ಕೂತಿರಲಿಲ್ಲ. ಮೇಲೆ ಸಿಗ್ನಲ್ಲಿನ ಕೆಂಪು ದೀಪ, ಕೆಳಗೆ ಅವನ ಸ್ಕೂಟರು, ನಡುವೆ ಹೆಲ್ಮೆಟ್ಟಿನಲ್ಲಿ ಮುಚ್ಚಿಹೋದ ಅವನ ಮುಖ. ಮಂಗಳವಾರ, ಹನ್ನೊಂದು ಗಂಟೆ ಹತ್ತು ನಿಮಿಷ. ಕೆಳಗೆ ಸಂಚಾರ ಠಾಣೆಯ ಒಕ್ಕಣೆ: ಇದು ಮೂರನೆಯ ಸಲ, ಲೈಸೆನ್ಸನ್ನು ಮೂರು ತಿಂಗಳು ಏಕೆ ಅಮಾನತು ಮಾಡಬಾರದೆಂದು ಇಂದು ಸಂಜೆಯೊಳಗೆ ಬಂದು ತಿಳಿಸತಕ್ಕದ್ದು.

ಕಡತಗಳ ಕೋಣೆಯಲ್ಲಿ ಹದಿನಾರು ವರ್ಷ ಕಳೆದು ಆ ಹೆಸರನ್ನು ಅಂಟಿಸಿಕೊಂಡವನಿಗೆ ಚಿಂತೆ ಹತ್ತಿತು. ಹೆಂಡತಿ ನರ್ಸು. ಬೆಳಗಿನ ಐದೂವರೆಗೆ ಅವಳನ್ನು ಆಸ್ಪತ್ರೆಗೆ ಮುಟ್ಟಿಸುವವನು ಅವನೇ. ಮೊದಲ ಬಸ್ಸು ಹೊರಡುವುದು ಆರೂಕಾಲಿಗೆ. ಇನ್ನೊಂದು ದಿನ ತಡವಾದರೆ ಬರುವುದೇ ಬೇಡ ಎಂದು ಮೇಲಿನವರು ಅವಳಿಗೆ ಹೇಳಿಯಾಗಿತ್ತು.

ಪಕ್ಕದ ಮನೆಯ ತಾತ ಕರೆಯದೆಯೇ ಬಂದರು. ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಬೆಕ್ಕಿಗೆ ಹಾಲಿನ ವಾಸನೆ ಹತ್ತುವಂತೆ ಅವರಿಗೆ ನೋಟೀಸಿನ ವಾಸನೆ ಹತ್ತುತ್ತಿತ್ತು.

"ಆ ಹೊತ್ತಲ್ಲಿ ನೀನು ಎಲ್ಲಿದ್ದೆ?"

"ಸ್ಕೂಟರ್ ಮೇಲೆ, ತಾತ. ಕಟಿಂಗ್ ಮಾಡಿಸ್ಕೊಂಡು ಬರ್ತಿದ್ದೆ."

"ಅದನ್ನ ಯಾರು ಕೇಳಿದ್ರು? ಹಾಜರಿ ಪುಸ್ತಕದಲ್ಲಿ ಎಲ್ಲಿದ್ದೆ?"

ಹಾಜರಿ ಪುಸ್ತಕದಲ್ಲಿ ಅವನು ಕುರ್ಚಿಯಲ್ಲಿದ್ದ. ಬೆಳಿಗ್ಗೆ ಬಂದ ಕೂಡಲೇ ಸಂಜೆಯ ಸಹಿಯನ್ನೂ ಹಾಕಿ ಮುಗಿಸುವುದು ಆ ಆಫೀಸಿನ ಪದ್ಧತಿ. ಫೋಟೊದಲ್ಲಿ ಮುಖ ಕಾಣಿಸದ ಮೇಲೆ ಓಡಿಸಿದವನು ನೀನೇ ಎನ್ನಲು ಸಾಕ್ಷಿ ಏನು, ಎಂದು ತಾತ ಮೀಸೆ ತಿರುವಿದರು.

ಆಫೀಸಿನಲ್ಲಿ ವಿಷಯ ಹೇಳುತ್ತಲೇ ಎಲ್ಲರ ಮುಖ ಸಪ್ಪಗಾಯಿತು. ಕಡತಪ್ಪ ಸಿಕ್ಕಿಬಿದ್ದರೆ ಪುಸ್ತಕ ಸಿಕ್ಕಿಬೀಳುತ್ತದೆ, ಪುಸ್ತಕ ಸಿಕ್ಕಿಬಿದ್ದರೆ ಇಡೀ ಆಫೀಸು. ಟೈಪಿಸ್ಟ್ ಅಕ್ಕ ಐದೇ ನಿಮಿಷದಲ್ಲಿ ಪತ್ರ ಬಡಿದು ಕೊಟ್ಟಳು. ಮಂಗಳವಾರ ಆತ ನೀರು ಕುಡಿಯಲಿಕ್ಕೂ ಮೇಲೇಳಲಿಲ್ಲ ಎಂದು ನಾಲ್ವರು ಸಾಕ್ಷಿ ಹಾಕಿದರು. ಸಾಹೇಬರು ಮೊಹರು ಒತ್ತಿದರು. ಒಂದು ಸಾಲದೆಂದು ಇನ್ನೊಂದು ಒತ್ತಿದರು.

ಠಾಣೆಯ ಅಧಿಕಾರಿ ತೀರ ಸಾಧು ಮನುಷ್ಯ. ಪತ್ರವನ್ನು ಎರಡು ಸಲ ಓದಿ, ಕಡತಪ್ಪನಿಗೆ ಕುರ್ಚಿ ಕೊಡಿಸಿದರು. ಕಡತಪ್ಪ ಅಂಚಿನಲ್ಲಿ ಕೂತ.

"ನಿಮ್ಮಂಥವರಿಗೆ ತೊಂದ್ರೆ ಕೊಟ್ವಿ, ಕ್ಷಮಿಸಿ" ಎಂದು ಅವರು ನೋಟೀಸಿನ ಮೇಲೆ ಅಡ್ಡಗೆರೆ ಎಳೆದೇಬಿಟ್ಟರು. ಕಡತಪ್ಪನಿಗೆ ಅವರ ಕಾಲು ಹಿಡಿಯಬೇಕೆನಿಸಿತು.

"ಅವತ್ತು ಗಾಡಿ ಬೇರೆ ಯಾರಿಗಾದ್ರೂ ಕೊಟ್ಟಿದ್ರಾ?"

ಯಾರ ಹೆಸರು ಹೇಳಿದರೂ ಅವರ ಲೈಸೆನ್ಸಿಗೆ ಕುತ್ತು. "ಇಲ್ಲ ಸಾರ್."

"ಕೀಲಿ?"

"ಜೇಬಲ್ಲೇ ಇತ್ತು ಸಾರ್."

ಅಧಿಕಾರಿ ಪೆನ್ನು ಕೆಳಗಿಟ್ಟರು. "ನೋಡಿ, ಕೀಲಿ ಇಲ್ದೆ ತಗೊಂಡೋಗಿ, ನಿಮಗೆ ಗೊತ್ತಾಗದ ಹಾಗೆ ವಾಪಸ್ ನಿಲ್ಸಿದಾನೆ. ಪಳಗಿದ ಕಳ್ಳ. ಹೊರಗಡೆ ಇರೋದು ಅದೇ ಗಾಡಿ ತಾನೆ?"

ಕಡತಪ್ಪ ತಲೆಯಾಡಿಸಿದ. ಪೇದೆ ಅವನಿಂದ ಕೀಲಿ ಇಸಿದುಕೊಂಡು ಹೋಗಿ, ಸ್ಕೂಟರನ್ನು ಹಿಂದಿನ ಅಂಗಳಕ್ಕೆ ತಳ್ಳಿ, ಹ್ಯಾಂಡಲ್ಲಿಗೆ ‘ಕಳವು ಪ್ರಕರಣ’ ಎಂಬ ಚೀಟಿ ಕಟ್ಟಿದ.

"ಸಾರ್, ಗಾಡಿ ಯಾವಾಗ ಸಿಗುತ್ತೆ?"

"ಅವನು ಸಿಕ್ಕಿದ ಮೇಲೆ. ಚಿಂತೆ ಬಿಡಿ, ಆ ಮನುಷ್ಯನನ್ನ ಹಿಡಿಯೋವರೆಗೂ ನಾವು ಸುಮ್ನಿರಲ್ಲ."

ಮೆಟ್ಟಿಲಿಳಿಯುವಾಗ ಹೆಂಡತಿಯ ಫೋನು ಬಂತು.

"ರೀ, ಲೈಸೆನ್ಸ್ ಉಳೀತಾ?"

"ಉಳೀತು."

"ಸದ್ಯ. ಬೇಗ ಬನ್ನಿ, ನಾಳೆ ಬೇಗ ಏಳ್ಬೇಕು."

"ಬೇಗ ಅಂದ್ರೆ..." ಕಡತಪ್ಪ ಲೆಕ್ಕ ಹಾಕಿದ. "ನಡ್ಕೊಂಡು ಹೋಗೋದಾದ್ರೆ, ಮೂರು ಗಂಟೆಗೆ."