ಹೊಗಳಿಕಿ ಎಲ್ಲಾ ಮ್ಯಾಲ ಹೋತು, ನನ್ನ ಮೀಸಿ ಕೆಳಗ ಬಿತ್ತು

ನಾಲ್ಕು ಮಂದಿಗೆ ಉಣ್ಣಾಕ ಹಾಕಿದಾಂವಗ ನಾಲ್ಕು ಒಳ್ಳೆ ಮಾತು ಸಿಗೂದು ಎಲ್ಲಾ ಕಡೆ ಇದ್ದದ್ದೇ. ನನಗ ಮಾತ್ರ ಅದರಾಗೂ ಏನಾರ ಒಂದು ತಿರುವುಮುರುವು ಆಗೇ ತೀರತೈತಿ.

ಬಾದಾಮಿಯೊಳಗ ನನ್ನದೊಂದು ಖಾನಾವಳಿ ಐತಿ, ಮ್ಯಾಲ ಬಾಡಿಗಿಗೆ ಒಂದು ಖೋಲಿ, ಬಾಗಲ ಮುಂದ ಒಂದು ಟಂಟಂ ಗಾಡಿ. ಸಾಲಿ ಕಟ್ಟಿ ಹತ್ತಿದಾಂವಲ್ಲ ನಾ. ಆದ್ರ ನಮ್ಮಾಕಿ ರೊಟ್ಟಿ ಬಡಿಯೋ ಸಪ್ಪಳ ಕೇಳಿ ಬಾಗಲಕೋಟಿಗೆ ಹೊಂಟ ಬಸ್ಸು ಹಿಂದಕ್ಕ ತಿರುಗಿದ್ದು ಐತಿ. ಡ್ರೈವರ್ ತಿರುಗಿಸಲಿಲ್ಲ, ಬಸ್ಸೇ ತಿರುಗಿತು. ಇನ್ನ ನನ್ನ ಮೀಸಿ! ಅದರ ಮ್ಯಾಲ ಲಿಂಬಿಹಣ್ಣು ನಿಂದರತಿತ್ತು. ಈಗ್ಯಾಕ ಇಲ್ಲ ಅಂತ ಕೇಳಾವ್ರಿಗೆ ಇದನ್ನ ಹೇಳಾಕತ್ತೇನಿ.

ಗವಿ ಮೆಟ್ಟಲ ಮ್ಯಾಲ

ಈ ವರ್ಷ ಸೀತಾಫಲ ಬರೋ ಹೊತ್ತಿಗೆ ಮುಂಬೈ ಹತ್ರದ ಠಾಣಾ ಕಡಿಂದ ಒಬ್ಬ ಅಜ್ಜಾರು ಬಂದು ಮ್ಯಾಲಿನ ಖೋಲಿಯೊಳಗ ಇಳಕೊಂಡ್ರು. ರೈಲ್ವೆ ನೌಕರಿ ಮಾಡಿ ಹುಬ್ಬಳ್ಳಿಯೊಳಗ ಇದ್ದಾವ್ರು, ಕನ್ನಡ ಬರತಿತ್ತು. "ನಾವು ಯೆಹೂದಿ ಮಂದಿ ಮಾಲಕ್ರ. ಹೊರಗ ಬಂದ್ರ ಕಾಯಿಪಲ್ಯಾ ಅಷ್ಟೇ ತಿಂತೇವಿ," ಅಂದ್ರು.

ಯೆಹೂದಿ ಅಂದ್ರ ಯಾರು ಅಂತ ನನಗ ತಿಳೀಲಿಲ್ಲ. "ಗೊತ್ತು ಬಿಡ್ರಿ, ನಮ್ಮ ಓಣಿ ತುಂಬ ಅವರೇ ಅದಾರ," ಅಂದೆ.

ಗವಿ ತೋರಸಾಕ ಕರಕೊಂಡು ಹೋದೆ. ಮೆಟ್ಟಲ ಮ್ಯಾಲ ಒಂದು ದಡೂತಿ ಮಂಗ್ಯಾ ಕುಂತು ಯಾರದೋ ಚೀಲ ಬಿಚ್ಚಾಕತ್ತಿತ್ತು. ಅಜ್ಜಾರು ಅದನ್ನ ನೋಡಿ ನಿಂತು, ಮರಾಠಿನೂ ಅಲ್ಲದ ಉರ್ದುನೂ ಅಲ್ಲದ ಮಾತಿನಾಗ ಏನೋ ಅಂದ್ರು.

"ಮಂತ್ರಾ ಹಾಕಿದ್ರೇನ್ರಿ?"

"ಇಲ್ಲರಿ. ಮಂಗ್ಯಾ, ಆನಿ, ಇಂಥಾ ಅಪರೂಪದ ಮಾರಿ ಕಂಡ್ರ, ಏನೇನು ತರಾ ಜೀವ ಮಾಡೀಯಪಾ ಅಂತ ದೇವರನ್ನ ಹೊಗಳತೇವಿ. ನಮ್ಮಲ್ಲಿ ಎಲ್ಲಾದಕ್ಕೂ ಒಂದೊಂದು ಹೊಗಳಿಕಿ ಐತಿ. ನೀರು ಕುಡದ್ರ ಒಂದು, ಹಣ್ಣು ತಿಂದ್ರ ಒಂದು, ಗುಡುಗಿದ್ರ ಒಂದು."

ಸಂಜಿಗೆ ಚಾದಂಗಡಿಯೊಳಗ ಹೇಳಿದೆ, ನೀರಿಗೂ ಗುಡುಗಿಗೂ ಹೊಗಳೋ ಗಿರಾಕಿ ಬಂದಾರ ಅಂತ. ಮಂಗ್ಯಾನ ಸುದ್ದಿ ತಗೀಲಿಲ್ಲ. ಅಲ್ಲಿ ಕುಂತಿದ್ದ ರಿಟಾಯರ್ ಮಾಸ್ತರ ಕೇಳಿದ್ರು, "ಗುಡುಗು ಹೊಗಳತಾರ ಖರೆ. ನಿನ್ನ ಹೊಗಳಿದ್ರೇನು?"

"ಇನ್ನೂ ಇಲ್ಲ."

"ಹೊಗಳೂದೂ ಇಲ್ಲ ತಗಿ."

ಸಿಟ್ಟು ನೆತ್ತಿಗೇರಿತು. "ಅವರು ಊರು ಬಿಡೂದ್ರೊಳಗ ನನಗಂತ ಒಂದು ಹೊಗಳಿಕಿ ಹೇಳಲಿಲ್ಲಂದ್ರ ಈ ಮೀಸಿ ಬೋಳಿಸ್ತೇನಿ!" ಅಂದೆ. ಅಂಗಡ್ಯಾಗಿನ ಮಂದಿ ಎಲ್ಲಾ ಕಪ್ಪು ಕೆಳಗಿಟ್ರು.

ಬಾಯಿ ಹೋದ ಗಿರಾಕಿ

ಮರುದಿನ ನಮ್ಮಾಕಿ ಚಪಾತಿ ಮಾಡಿದ್ಲು. ಅಜ್ಜಾರು ತಂಬಿಗಿ ಹಿಡದು ಬಲಗೈಗೆ ನೀರು, ಎಡಗೈಗೆ ನೀರು ಹಾಕ್ಕೊಂಡು, ಏನೋ ಅಂದು, ಬಂದು ಕುಂತ್ರು. ಇದೇ ವ್ಯಾಳ್ಯಾ ಅಂತ ನಾ ಕೇಳಿದೆ, "ನಮ್ಮ ಖಾನಾವಳಿ ಹ್ಯಾಂಗ ಅನಸ್ತರಿ?"

ಮಾತಿಲ್ಲ.

"ಎಣ್ಣಿಗಾಯಿ ಬಡಸಲ್ಯಾ?"

ಮಾತಿಲ್ಲ. "ಉಂ, ಉಂ" ಅಂತಾರ, ಬೆರಳು ಕೂಡಿಸಿ ತಿಕ್ಕಿ ತೋರಸತಾರ, ಕಣ್ಣು ಅಗಲ ಮಾಡತಾರ. ಚಲೋ ಮಾತಾಡತಿದ್ದ ಮನಷ್ಯಾನ ಬಾಯಿ ಒಮ್ಮೆಲೇ ನಿಂತ್ರ ಏನರ್ಥ? "ಲಕ್ವಾ ಹೊಡೀತು! ಉಳ್ಳಾಗಡ್ಡಿ ತಾರs!" ಅಂತ ಒದರಿದೆ. ನಮ್ಮಾಕಿ ಉಳ್ಳಾಗಡ್ಡಿ ಒಡದು ಮೂಗಿಗೆ ಹಿಡದ್ಲು, ನಾ ಅಂಗಾಲು ತಿಕ್ಕಿದೆ. ದವಾಖಾನಿಗೆ ಒಯ್ಯೂಣು ಅಂತ ಬಗಲಾಗ ಕೈ ಹಾಕಿ ಎತ್ತಿದೆ. ಆ ಅಜ್ಜಾರು ಎರಡೂ ಕೈಯಾಗ ಚಪಾತಿ ಬಿಗಿ ಹಿಡದು, ಗಡಿಬಿಡಿಲೇ ಏನೋ ಅಂದು, ಒಂದು ಚೂರು ಹರದು ಬಾಯಿಗೆ ಹಾಕ್ಕೊಂಡು, ನುಂಗಿ, ಆಮ್ಯಾಲ ಚೀರಿದ್ರು:

"ಉಪ್ಪು! ಉಪ್ಪು ಬೇಕು ಅಂತ ಕೇಳಾಕತ್ತಿದ್ನಿ ಮಾರಾಯ್ರ!"

ಅವರ ಪದ್ಧತಿ ಹಂಗಂತ. ಕೈ ತೊಳಕೊಂಡಿಂದ ದೇವರನ್ನ ಹೊಗಳಿ ತುತ್ತು ಬಾಯಿಗಿಡೂತನಕ ನಡುವ ಮಾತಾಡಬಾರದು.

ನಮ್ಮಾಕಿ ನನ್ನ ಕಡೆ ನೋಡಿ, "ಭಾಳ ಚಲೋ ಪದ್ಧತಿರಿ ಅಜ್ಜಾರ. ನಮ್ಮ ಮನ್ಯಾಗೂ ಹಚ್ಚಬೇಕು. ಕೈ ತೊಳಕೊಂಡಿಂದ ಹಿಡದು ಮಲಗೋತನಕ," ಅಂದ್ಲು.

ರೊಟ್ಟಿಗಾದ ಅವಮಾನ

ಚಪಾತಿಗೇ ಇಷ್ಟು ಸಡಗರ ಇದ್ರ ಜ್ವಾಳದ ರೊಟ್ಟಿಗೆ ಎಷ್ಟಿರಬಾರದು ಅಂತ ಮರುದಿನ ಬಿಸಿ ರೊಟ್ಟಿ, ಬೆಣ್ಣಿ, ಕರಿಂಡಿ ಚಟ್ನಿ ಇಟ್ಟು ಮುಂದ ಕುಂತೆ. ಆ ರೊಟ್ಟಿ ಎಷ್ಟು ತೆಳ್ಳಗಂದ್ರ ಅದರ ಆಚೆ ಕುಂತ ಮಾಸ್ತರ ನನಗ ಕಾಣತಿದ್ರು. ಅವರನ್ನ ನಾನೇ ಸಾಕ್ಷಿಗೆ ಕರದಿದ್ದೆ.

ಅಜ್ಜಾರು ತಂಬಿಗಿ ಮುಟ್ಟಲಿಲ್ಲ. ಸಣ್ಣದೊಂದು ಮಾತು ಅಂದು ತಿನ್ನಾಕ ಹತ್ತಿದ್ರು.

"ಇಷ್ಟೇ ಏನ್ರಿ?"

"ಗೋದಿಗೆ ಬ್ಯಾರೇ ಹೊಗಳಿಕಿ ಐತಿ ಮಾಲಕ್ರ. ಜ್ವಾಳಕ್ಕ ಎಲ್ಲಾದಕ್ಕೂ ಹೇಳೋದನ್ನೇ ಹೇಳತೇವಿ. ನೀರಿಗೆ, ಚಾಕ್ಕ ಹೇಳತೇವಲ್ಲ, ಅದೇ."

ನಮ್ಮ ಎರಿ ಹೊಲದ ಜ್ವಾಳ ಹೋಗಿ ಚಾದ ಸಾಲಿನ್ಯಾಗ ಕುಂತಿತು! ಅಜ್ಜಾರು ಮಾತ್ರ ಒಂದಾದ ಮ್ಯಾಲ ಒಂದು ರೊಟ್ಟಿ ಮುರದು, ಬುಟ್ಟಿ ಖಾಲಿ ಮಾಡಿ, ಅಡಗಿಮನಿ ಕಡೆ ಹೊಳ್ಳಿ ನೋಡಿದ್ರು.

ಮಾಸ್ತರ ನನ್ನ ಕಿವಿಯಾಗ ಅಂದ್ರು, "ಹೊಟ್ಟಿ ಹೊಗಳೇತಿ. ಬಾಯಿ ಹೊಗಳಿಲ್ಲ. ಲೆಕ್ಕಕ್ಕಿಲ್ಲ."

ಇಲ್ಲೀತನಕ ತಂದಾಂವ

ಪಟ್ಟದಕಲ್ಲಿಗೆ ಟಂಟಂದಾಗ ಹೊಂಟ್ವಿ. ಗುಡುಗಿತು, ಅಜ್ಜಾರು ಹೊಗಳಿದ್ರು. ಮಿಂಚಿತು, ಹೊಗಳಿದ್ರು. ಟಯರ್ ಪಂಕ್ಚರ್ ಆತು. "ಇದೂ ಒಳ್ಳೇದಕ್ಕೇ," ಅಂದು ಕಲ್ಲಿನ ಮ್ಯಾಲ ಕುಂತ್ರು. ಮಳಿಯಾಗ ನಾ ಟಯರ್ ಬಿಚ್ಚೂದು ಯಾರ ಒಳ್ಳೇದಕ್ಕೋ ನನಗಂತೂ ತಿಳೀಲಿಲ್ಲ.

ದಾರ್ಯಾಗ ಒಬ್ಬಾಕಿ ಸೀತಾಫಲ ಮಾರತಿದ್ಲು. ಅಜ್ಜಾರಿಗೆ ಈ ವರ್ಷದ ಮೊದಲನೇ ಹಣ್ಣಂತ. ಕೈಯಾಗ ಹಿಡದು ಕಣ್ಣು ಮುಚ್ಚಿ ಹೇಳಿದ್ರು. ಅರ್ಥ ಕೇಳಿದೆ. "ನಮ್ಮನ್ನ ಬದುಕಿಸಿ, ಕಾಯ್ದು, ಇಲ್ಲೀತನಕ ತಂದಾಂವಗ ಹೊಗಳಿಕಿ," ಅಂದ್ರು.

ಸಂಜಿಗೆ ಚಾದಂಗಡಿಗೆ ಓಡಿದೆ. "ಗೆದ್ದೆ ಮಾಸ್ತರ! ಇಲ್ಲೀತನಕ ತಂದಾಂವಗ ಅಂದಾರ!"

"ಅದು ದೇವರಿಗಲೇ ಹುಚ್ಚಾ."

"ಟಂಟಂದ ಹ್ಯಾಂಡಲ್ ಯಾರು ಹಿಡದಿದ್ರು? ದೇವರೇನು?"

ಮಾಸ್ತರ ಒಂದು ಗುಟುಕು ಚಾ ಕುಡದು ಅಂದ್ರು, "ನೀ ಹಿಡದಿದ್ದಿ. ಅದಕ್ಕೇ ಅವರು ಬದುಕಿಸಿದಾಂವಗ ಹೊಗಳಿದ್ದು."

ಹೊರಡೋ ದಿನ

ಅಜ್ಜಾರು ಹೊರಡೋ ಮುಂಜಾನೆ ಮಾಸ್ತರ ಬಂದ್ರು, ಸಂಗಾಟ ಕಟಿಂಗ್ ಅಂಗಡ್ಯಾಂವನೂ ಬಂದ. ಅಂವ ಅಂಗಳದಾಗ ಕುರ್ಚಿ ಹಾಕಿ ಕತ್ತಿ ಮಸ್ಯಾಕ ಹತ್ತಿದ.

ಅಷ್ಟರಾಗ ಅಜ್ಜಾರು ಪಾಯಖಾನಿಯಿಂದ ಹೊರಗ ಬಂದ್ರು. ಕೈ ತೊಳಕೊಂಡು, ನಿಂತು, ಹೊಗಳಾಕ ಹತ್ತಿದ್ರು. ಏನು ಉದ್ದರಿ ಅದು! ಚಪಾತಿದಕ್ಕಿಂತ ಉದ್ದ, ಗುಡುಗಿನದಕ್ಕಿಂತ ಉದ್ದ.

"ಕೇಳ್ರಿ ಮಾಸ್ತರ! ಆ ಪಾಯಖಾನಿ ಕಟ್ಟಿದಾಂವ ನಾ, ಸ್ವಂತ ಕೈಲೇ!"

ಮಾಸ್ತರ ಅರ್ಥ ಕೇಳಿದ್ರು. ಅಜ್ಜಾರು ನಾಚಿಕಿ ಇಲ್ಲದ ಹೇಳಿದ್ರು, "ದೇವರು ನಮ್ಮ ಮೈಯಾಗ ತೂತು ಇಟ್ಟಾನ. ತೆರದಿರೋದು ಮುಚ್ಚಿದ್ರ, ಮುಚ್ಚಿರೋದು ತೆರದ್ರ, ಮನಷ್ಯಾ ಉಳಿಯೂದಿಲ್ಲ. ಎಲ್ಲಾ ಬರೋಬರ ನಡದೈತಿ ಅಂತ ಹೊಗಳತೇವಿ."

"ಪಾಯಖಾನಿ ಕಟ್ಟಿದಾಂವನ ಹೆಸರು ಬರಲಿಲ್ಲ," ಅಂದ್ರು ಮಾಸ್ತರ.

ನಾ ಅಜ್ಜಾರ ಮುಂದ ಹೋಗಿ ಕೇಳೇಬಿಟ್ಟೆ, "ನಮ್ಮ ಮನಿದು, ಊಟದ್ದು ಒಂದು ಮಾತೂ ಇಲ್ಲೇನ್ರಿ?"

ಅಜ್ಜಾರು ಗಾಬರಿ ಆದ್ರು. "ಅಹೋ, ದಿನಾ ಎಲ್ಲಾ ದೇವರಿಗೆ ಹೇಳೇನಲ್ಲ ಮಾಲಕ್ರ! ನಿಮಗ ಮುಟ್ಟಿಲ್ಲೇನು?"

"ಇನ್ನೂ ಮುಟ್ಟಿಲ್ಲರಿ," ಅಂದೆ, ಮೀಸಿ ಮ್ಯಾಲ ಕೈ ಇಟ್ಟು.

ಅವರು ಚೀಲ ತರಾಕ ಮ್ಯಾಲ ಹೋದ್ರು. ನಾ ಮಾತಿನ ಮನಷ್ಯಾ. ಹೋಗಿ ಕುರ್ಚಿ ಮ್ಯಾಲ ಕುಂತೆ. ಲಿಂಬಿಹಣ್ಣು ಹೊತ್ತ ಮೀಸಿ ಉಡಿಯಾಗ ಬಿತ್ತು.

ಅಜ್ಜಾರು ಕೆಳಗ ಇಳದು ಬಂದ್ರು. ನನ್ನ ಮಾರಿ ನೋಡಿದ್ರು. ಚೀಲ ಕೈ ಬಿಟ್ಟಿತು. ಬಾಯಿಂದ ಒಂದು ಹೊಗಳಿಕಿ ಹೊರಗ ಬಂತು. ಬಂದ ಮ್ಯಾಲ ಬಾಯಿಗೆ ಕೈ ಅಡ್ಡ ಹಿಡದ್ರು, ಆದ್ರ ತಡಾ ಆಗಿತ್ತು.

ನಾ ಸಾಬೂನು ಮಾರಿಲೇ ಜಿಗದೆ. "ಕೇಳಿದ್ರೇನು! ನನ್ನ ನೋಡಿ ಹೊಗಳಿದ್ರು! ನನ್ನನ್ನೇ ನೋಡಿ!"

"ಖರೆ, ಗೆದ್ದಿ," ಅಂದ್ರು ಮಾಸ್ತರ. ಕಟಿಂಗ್ ಅಂಗಡ್ಯಾಂವ ಉಡಿಯಾಗಿನ ಮೀಸಿ ನೋಡಿ, "ತಿರುಗಿ ಹಚ್ಚಾಕ ಬರೂದಿಲ್ಲರಿ," ಅಂದ.

ನಮ್ಮಾಕಿ ಹುಬ್ಬು ಗಂಟು ಹಾಕಿದ್ಲು. "ಇದು ರೊಟ್ಟಿದಲ್ಲ, ನೀರಿಂದಲ್ಲ. ಯಾವ ಹೊಗಳಿಕಿರಿ ಇದು?"

ಅಜ್ಜಾರು ನೆಲ ನೋಡಿದ್ರು. ನನಗ ಮಾತ್ರ ಗುರ್ತು ಹತ್ತಿತು.

"ಇದು ಎಲ್ಲಾರಿಗೂ ಹೇಳೂದಲ್ಲ," ಅಂದೆ. "ಗವಿ ಮೆಟ್ಟಲ ಮ್ಯಾಲ ಒಬ್ಬರು ದೊಡ್ಡ ಮನಷ್ಯಾರು ಕುಂತಿದ್ರು. ಅವರಿಗೆ ಹೇಳಿದ್ರು, ಈಗ ನನಗ ಹೇಳಿದ್ರು."