ಒಂದ ಮನಿಗೆ ಒಂದ ಮೇಲ್ ಫೈಲು

ದ್ರಾಕ್ಷಾಯಣಿ: ಬಿಡ್ರಿ ಅದನ್ನ! ನೀವು ಬಿಟ್ಟರ ನನಗ ತೆರಿತೈತಿ.

ಅಪ್ಪಾಸಾಹೇಬ: ಹಿಡದಿದ್ರ ಬಿಡಬೇಕಲಾ? ನನಗ ಇನ್ನೂ ತೆರದ ಇಲ್ಲ!

ದ್ರಾಕ್ಷಾಯಣಿ: ಮತ್ತ ಇಲ್ಲಿ ‘ಫೈಲನ್ನು ಬೇರೆಯವರು ಬಳಸುತ್ತಿದ್ದಾರೆ’ ಅಂತ ಬರಾಕ ಹತ್ತೇತಿ. ಈ ಮನ್ಯಾಗ ನಾನಲ್ಲದ ಬ್ಯಾರೆ ಯಾರದಾರ?

ಅಪ್ಪಾಸಾಹೇಬ: ಯಾವನರ ಹ್ಯಾಕರ್ ಹೊಕ್ಕಿರಬೇಕು.

ದ್ರಾಕ್ಷಾಯಣಿ: ಹೊಕ್ಕು ಏನ್ ಮಾಡತಾನ? ನಮ್ಮ ಕರೆಂಟ್ ಬಿಲ್ ಓದತಾನ?

ಪರದೇಶದ ಮೌಂಟ್ ರಾಸ್ಕಿಲ್‌ನ ಆ ಬಾಡಿಗೆ ಮನೆಯಲ್ಲಿ ಅಪ್ಪಾಸಾಹೇಬ ಅಡುಗೆಮನೆಯ ಮೇಜಿನ ಮೇಲೆ ತನ್ನ ಮುದಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದ. ಹೆಂಡತಿ ಪಕ್ಕದ ಕೋಣೆಯಲ್ಲಿ, ಹೊಸದರ ಮುಂದೆ. ಗಂಡ ಹೆಂಡತಿಗೆ ಬೇರೆ ಬೇರೆ ಮೇಲ್ ಯಾಕೆಂದು, ಬಂದದ್ದೆಲ್ಲ ಒಂದೇ ಫೈಲಿಗೆ ಇಳಿಯುವಂತೆ ಮಾಡಿ ಇಬ್ಬರಿಗೂ ಸಿಗುವ ಡಿಸ್ಕಿನಲ್ಲಿ ಇಟ್ಟವನು ಅವನೇ. ಆ ಏರ್ಪಾಡಿನ ಬಗ್ಗೆ ಅವನಿಗೆ ಬಹಳ ಹೆಮ್ಮೆ. ಇವತ್ತು ಆ ಫೈಲಿನೊಳಗೆ ಹ್ಯಾಮಿಲ್ಟನ್ನಿನ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಿಂದ ಬಂದ ಸಂದರ್ಶನದ ಕರೆ ಸಿಕ್ಕಿಕೊಂಡಿತ್ತು. ಈ ದೇಶಕ್ಕೆ ಬಂದಮೇಲೆ ದ್ರಾಕ್ಷಾಯಣಿಗೆ ಬಂದ ಮೊದಲ ಕರೆ. ವಿವರವೆಲ್ಲ ಮೇಲ್‌ನಲ್ಲಿದೆ, ಮಧ್ಯಾಹ್ನದೊಳಗೆ ಉತ್ತರ ಕೊಡಿ ಎಂದು ಅವರು ಫೋನಿನಲ್ಲಿ ಹೇಳಿದ್ದರು. ಅವಳಿಗಿಂತ ಅಪ್ಪಾಸಾಹೇಬನಿಗೇ ಎದೆ ಹೆಚ್ಚು ಹೊಡೆದುಕೊಳ್ಳುತ್ತಿತ್ತು. ತೋರಿಸಿಕೊಳ್ಳುವ ಜಾಯಮಾನ ಮಾತ್ರ ಅವನದಲ್ಲ.

ಅಪ್ಪಾಸಾಹೇಬ: ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳಿಬಿಡು.

ದ್ರಾಕ್ಷಾಯಣಿ: ಏನಂತ ಕೇಳ್ಲಿ? ನಮ್ಮನಿಯವರು ಮೇಲ್ ಮ್ಯಾಲ ಕುಂತಾರ, ಏಳವಲ್ರು ಅಂತ?

ಬೇರೆ ದಾರಿ ಕಾಣದೆ ಅಪ್ಪಾಸಾಹೇಬ ನಂದೀಶನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ನಂದೀಶ ಮೊದಲು ಇದೇ ಮನೆಯಲ್ಲಿ ಫ್ಲ್ಯಾಟ್‌ಮೇಟ್ ಆಗಿದ್ದವನು, ಕಂಪ್ಯೂಟರಿನವನು. ದ್ರಾಕ್ಷಾಯಣಿ ತನ್ನ ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆಗೇ ಬಂದಳು. ಇಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ನಡೆದದ್ದನ್ನು ಹೇಳಿದರು.

ನಂದೀಶ: ಅಣ್ಣಾರ, ಇಬ್ಬರೂ ಒಮ್ಮೆಲೆ ಅದನ್ನ ತೆಗಿಯಾಕ ಬರಂಗಿಲ್ರಿ.

ಅಪ್ಪಾಸಾಹೇಬ: ಹೋದ ವಾರದ ತನಕ ಸರದಿ ಪ್ರಕಾರ ನಡದಿತ್ತಲೋ.

ನಂದೀಶ: ಹೋದ ವಾರ ವೈನಿ ನನ್ನ ಕೇಳೇ ಹೊಸ ಪ್ರೋಗ್ರಾಮಿನ್ಯಾಗ ಫೈಲ್ ಹೊಸ ನಮೂನಿಗೆ ಬದಲ ಮಾಡಿಕೊಂಡಾರ. ನಿಮ್ಮದು ಭಾಳ ಹಳೇ ವರ್ಶನ್. ಹೊಸದಕ್ಕ ಹಳೇದು ತಿಳಿತೈತಿ, ಹಳೇದಕ್ಕ ಹೊಸದು ತಿಳಿಯಂಗಿಲ್ಲ.

ದ್ರಾಕ್ಷಾಯಣಿ: ಲಗ್ನ ಆದಾಗಿಂದ ಇದನ್ನ ಹೇಳಾಕ ಹತ್ತೇನಿ ನೋಡಪಾ!

ಅಪ್ಪಾಸಾಹೇಬ: ಅವ ಕಂಪ್ಯೂಟರಿಂದು ಹೇಳಾಕ ಹತ್ಯಾನ.

ದ್ರಾಕ್ಷಾಯಣಿ: ನಾನೂ ಅದನ್ನ ಹೇಳಿದ್ನಿ. ನೀವ್ಯಾಕ ಮೈಮ್ಯಾಲ ಹಾಕ್ಕೋತೀರಿ?

ನಂದೀಶ: ನಿಮ್ಮದು ಈಗ ಅರ್ಧಕ್ಕ ಸಿಕ್ಕಾಕ್ಕೊಂಡೈತ್ರಿ ಅಣ್ಣಾರ. ಓದಾಕೂ ಬರವಲ್ದು, ಬಿಡಾಕೂ ಬರವಲ್ದು. ಸುಮ್ಮನ ಹಿಡಕೊಂಡು ಕುಂತೈತಿ.

ದ್ರಾಕ್ಷಾಯಣಿ: ಇದೂ ಕಂಪ್ಯೂಟರಿಂದ ಏನ ನಂದೀಶ?

ನಂದೀಶ ಹಳೆಯ ಲ್ಯಾಪ್‌ಟಾಪ್ ಪೂರ್ತಿ ಬಂದ್ ಮಾಡಿರೆಂದಷ್ಟೇ ಹೇಳಿದ. ಅಪ್ಪಾಸಾಹೇಬ ಮನಸ್ಸಿಲ್ಲದ ಮನಸ್ಸಿನಿಂದ ಗುಂಡಿ ಒತ್ತಿ ಹಿಡಿದ. ಮುದಿ ಯಂತ್ರ ಒಮ್ಮೆ ನಿಟ್ಟುಸಿರು ಬಿಟ್ಟು ಕಪ್ಪಾಯಿತು. ಮರುಕ್ಷಣವೇ ಹೊಸದರಲ್ಲಿ ಫೈಲು ತೆರೆಯಿತು.

ದ್ರಾಕ್ಷಾಯಣಿ: ಬಂತು, ಬಂತು! ಶುಕ್ರವಾರ ಹನ್ನೊಂದಕ್ಕ ಬರ್ರಿ ಅಂದಾರ!

ಅಪ್ಪಾಸಾಹೇಬ: ರಜಾ ಹಾಕಿ ನಾನ ಕಾರ್ ಹೊಡಿತೀನಿ. ಮುಂದ ಓದು.

ದ್ರಾಕ್ಷಾಯಣಿ: ‘ನಿಮ್ಮ ಅರ್ಜಿ ಹಿಡಿಸಿತು. ಜೊತೆಗೆ ಕಳಿಸಿದ ಸಿ.ವಿ...’

ಅವಳ ದನಿ ಇಳಿಯಿತು.

ಅಪ್ಪಾಸಾಹೇಬ: ಯಾಕ, ಏನಾತು?

ದ್ರಾಕ್ಷಾಯಣಿ: ‘...ನಮ್ಮಲ್ಲಿ ತೆರೆಯುತ್ತಿಲ್ಲ. ನಮ್ಮ ಪ್ರೋಗ್ರಾಮು ಬಹಳ ಹಳೆಯದು. ದಯವಿಟ್ಟು ಇವತ್ತು ಮಧ್ಯಾಹ್ನದೊಳಗೆ ಹಳೆಯ ವರ್ಶನ್ನಿನಲ್ಲಿ ಕಳಿಸಿ’ ಅಂತ ಬರದಾರ್ರಿ.

ಅಪ್ಪಾಸಾಹೇಬ ಕುರ್ಚಿಗೆ ಒರಗಿ ಕಾಲು ಚಾಚಿದ. ಬೆಳಗಿನಿಂದ ಮೊದಲ ಸಲ ಅವನಿಗೆ ಉಸಿರು ಸಲೀಸಾಗಿ ಆಡಿತು.

ನಂದೀಶ: ಅಯ್ಯ, ಅದಕ್ಕ್ಯಾಕ ಚಿಂತಿ ವೈನಿ? ನಿಮ್ಮ ಹೊಸದರಾಗೂ ಹಳೇ ನಮೂನಿಲೆ ಉಳಿಸಾಕ...

ಅಪ್ಪಾಸಾಹೇಬ ಚಕ್ಕನೆ ಫೋನ್ ಆರಿಸಿದ.

ದ್ರಾಕ್ಷಾಯಣಿ: ಅವ ಏನೋ ಹೇಳಾಕ ಹತ್ತಿದ್ದ.

ಅಪ್ಪಾಸಾಹೇಬ: ಲೈನ್ ಕಟ್ಟಾತು.

ದ್ರಾಕ್ಷಾಯಣಿ: ಏನ್ರಿ... ನಿಮ್ಮ ಲ್ಯಾಪ್‌ಟಾಪ್ ಚಾಲೂ ಆಗಾಕ ಎಷ್ಟೊತ್ತ ಹಿಡಿತೈತಿ?

ಅಪ್ಪಾಸಾಹೇಬ: ಹಳೇದು ನೋಡು, ಹಂಗ ಚಾಲೂ ಆಗಂಗಿಲ್ಲ. ಮೊದಲ ಒಂದ ಕಪ್ ಚಾ ಕೇಳತೈತಿ.