ಮಿಸೊ ಬಾಣಲೆಯ ಸಮರ

ಈಳಿಗೆಮಣೆಯ ಮೇಲೆ ಬಲಗಾಲೂರಿ ಕುಳಿತು, ಲೀಕ್ ಎಂಬ ಮೊಳದುದ್ದದ ಶ್ವೇತದಂಡದ ಈರುಳ್ಳಿಯನ್ನು ಆ ವೀರವನಿತೆಯು ಸಣ್ಣಗೆ, ಇನ್ನೂ ಸಣ್ಣಗೆ, ಕಣ್ಣೀರು ಮೂಗಿನ ತುದಿಗಿಳಿದರೂ ಒರೆಸದೆ ಹೆಚ್ಚುತ್ತಿರುವಾಗಲೇ, ಎಲೈ ಪಾಕಶಾಲಾಧಿದೇವತೆಯೆ, ನಾನು ಈ ಕಥೆಯನ್ನು ಎತ್ತಿಕೊಳ್ಳುತ್ತೇನೆ. ಒಲೆಯ ಉರಿಯನ್ನೂ ನನ್ನ ಮಾತನ್ನೂ ಹದವಾಗಿ ಇಡು. ಅದು ಸೌದೆ ಹೋಗಿ ಸಿಲಿಂಡರ್ ಬಂದ ಯುಗ. ಸ್ಥಳವು ರಾಮನಗರದಲ್ಲಿ, ಒಂದೇ ಅಂಗಳಕ್ಕೆ ಎರಡು ಅಡುಗೆಮನೆಗಳ ಬಾಗಿಲು ತೆರೆಯುವ ಮನೆ. ನಾಯಕಿಯು ಲಕ್ಷಮುದ್ದೆನಿರ್ಮಾತ್ರಿ, ಕುಕ್ಕರ್‌ಘೋಷನಿರ್ಭೀತೆ, ಸತ್ಯವಾಕ್ಯಪರಿಪಾಲಕಿ ಹೊನ್ನಾಜಮ್ಮ.

ಪಕ್ಕದ ಮನೆಯಲ್ಲಿ ಎರಡು ವರ್ಷವಿದ್ದ ಜಪಾನಿನ ನೊಬುಕೊ, ಇವಳಿಂದ ಬಸ್ಸಾರನ್ನೂ ಕನ್ನಡದ ಅಕ್ಷರವನ್ನೂ ಕಲಿತು, ಒಂದು ಕಾಳು ಹೆಚ್ಚುಕಮ್ಮಿಯಾಗದಂತೆ ಬಸ್ಸಾರು ಮಾಡಿ ಬಡಿಸಿದ್ದಳು. ಊರಿಗೆ ಮರಳುವಾಗ ಮಿಸೊ ಎಂಬ, ಸೋಯಾ ಕಾಳು ಹುದುಗಿಸಿ ಅರೆದ ಕಂದು ಮುದ್ದೆಯ ಡಬ್ಬಿ ಕೊಟ್ಟು, ತನ್ನ ತಾಯಿ ಮಾಡುವ ಲೀಕ್ ಗೊಜ್ಜಿನ ಕ್ರಮ ಹೇಳಿ, "ನಾನು ಹೇಳಿದ್ದು ಮಾತ್ರ ಹಾಕಿ ಅಕ್ಕ. ಹೇಗೆ ಬಂತು, ಕಾಗದ ಬರೆಯಿರಿ" ಎಂದಿದ್ದಳು.

ಎಂಟು ತಿಂಗಳಾಗಿತ್ತು. ಹೊನ್ನಾಜಮ್ಮ ಎರಡು ಸಲ ಮಾಡಿದಳು. ಎರಡು ಸಲವೂ ಕೊನೆಯ ಗಳಿಗೆಯಲ್ಲಿ ಕೈ ತಾನಾಗಿ ಒಗ್ಗರಣೆ ಹಾಕಿಬಿಟ್ಟಿತು. ಸುಳ್ಳು ಬರೆಯಲಾರಳು, ನಿಜ ಬರೆಯಲು ನಾಚಿಕೆ. ಅತ್ತಲಿಂದ ನೊಬುಕೊಳ ಮೂರನೆಯ ಕಾಗದ ಬಂದಿತ್ತು: "ನನ್ನ ಮೇಲೆ ಬೇಸರವೇ ಅಕ್ಕ?" ಡಬ್ಬಿಯ ತಳದಲ್ಲಿ ಉಳಿದಿದ್ದದ್ದು ಒಂದೇ ಸಲಕ್ಕಾಗುವಷ್ಟು ಮಿಸೊ.

ಆದುದರಿಂದ ಈ ಕಡೆಯ ಸಮರ. ಎಳ್ಳೆಣ್ಣೆ ಕಾಯಿತು, ಲೀಕ್ ಸೇನೆಯು ಚುರ್ರೆಂದು ಧುಮುಕಿ, ಬಾಡಿ, ಮೆತ್ತಗಾಯಿತು. ಆಗ ಬಾಗಿಲಲ್ಲಿ ಕಾಣಿಸಿಕೊಂಡಳು ಓರಗಿತ್ತಿ, ಸರ್ಷಪಾಸ್ತ್ರಧಾರಿಣಿ, ಹಿಂಗುಪರಿಮಳವಿಜೃಂಭಿತೆ ದೇವೀರಮ್ಮ.

"ಮೂರನೇ ಸಲ ಆಯ್ತಲ್ಲೇ ಹೊನ್ನಾ. ಇವತ್ತೂ ಒಗ್ಗರಣೆ ಹಾಕ್ತೀಯೋ ಇಲ್ವೋ?"

ಸೌಟನ್ನು ಗದೆಯಂತೆ ಎತ್ತಿ ಹೊನ್ನಾಜಮ್ಮ ಗರ್ಜಿಸಿದಳು: "ಕೇಳಕ್ಕ! ಸಾಸ್ವೆ ಡಬ್ಬಿ ಬೀರು ಒಳಗೈತೆ, ಬೀಗದ ಕೈ ನನ್ ಸೊಂಟದಾಗೈತೆ. ಮೂರ್ ಲೋಕ ಒಟ್ಟಾಗಿ ಬಂದ್ರೂ ಈ ಬಾಣ್ಲೆಗೆ ಒಂದ್ ಕಾಳು ಬೀಳಾಕಿಲ್ಲ!"

"ಒಗ್ಗರಣೆ ಇಲ್ದೆ ಉಣ್ಣೋದು ಸಾವಿನ ಮನೇಲಿ ಕಣೇ. ಇಲ್ಲಿ ಯಾರೇ ಸತ್ತವ್ರೆ? ನಾನಿನ್ನೂ ಗುಂಡಕಲ್ಲಂಗಿವ್ನಿ!"

"ಅವಳ ಊರಲ್ಲಿ ಹಂಗೇ ಉಣ್ತಾರಂತೆ, ಸುಮ್ನಿರಕ್ಕ."

ದೇವೀರಮ್ಮ ಸೋತವಳಂತೆ ತಲೆಬಾಗಿಸಿ ಹೊರಟುಹೋದಳು. ಹೊನ್ನಾಜಮ್ಮ ಮಿಸೊ ಹಾಕಿದಳು, ಸಕ್ಕರೆ ಹಾಕಿದಳು, ಎರಡು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ತಿರುವಿದಳು. ಗೊಜ್ಜು ಮಿರಮಿರ ಮಿಂಚಿತು. ಬಲಗೈ ಒಮ್ಮೆ ಅಭ್ಯಾಸಬಲದಿಂದ ಸಾಸಿವೆ ಡಬ್ಬಿ ಇರುತ್ತಿದ್ದ ಗೂಡಿನತ್ತ ಚಾಚಿತು. ಎಡಗೈ ಅದನ್ನು ಹಿಡಿದೆಳೆಯಿತು. ಇಂದ್ರಿಯಜಯವೆಂದರೆ ಇದೇ! ಒಲೆ ಆರಿಸಿ, ಗೆದ್ದೆನೆಂಬ ನೆಮ್ಮದಿಯಲ್ಲಿ ತಟ್ಟೆ ತರಲು ಆಕೆ ತಿರುಗಿದಳು.

ಚುಂಯ್!

ತನ್ನ ಅಡುಗೆಮನೆಯಿಂದ, ಸೆರಗಿನಲ್ಲಿ ಹಿಡಿದ ಕಬ್ಬಿಣದ ಸೌಟಿನೊಳಗೆ ಸಾಸಿವೆ, ಕರಿಬೇವು, ಇಂಗು ಚಟಪಟ ಸಿಡಿಯುತ್ತಿದ್ದಂತೆಯೇ ಅಂಗಳ ದಾಟಿ ಬಂದ ದೇವೀರಮ್ಮ ಅದನ್ನು ಬಾಣಲೆಗೆ ಸುರಿದಿದ್ದಳು.

"ಕೆಟ್ಟದ್ದಾಗ್ದೆ ಇರ್ಲಿ ಅಂತ ಕಣೇ," ಎಂದಳು, ತಪ್ಪೇ ಮಾಡದವಳ ದನಿಯಲ್ಲಿ.

ಹೊನ್ನಾಜಮ್ಮ ತಟ್ಟೆ ಕೆಳಗಿಟ್ಟಳು. ಖಾಲಿ ಡಬ್ಬಿಯನ್ನು ನೋಡಿದಳು. ನಾಲ್ಕನೆಯ ಸಲವೆಂಬುದಿಲ್ಲ; ಇನ್ನು ಕಾಯುವುದಕ್ಕೆ ನೆಪವೂ ಇಲ್ಲ. ಬಿಸಿ ಅನ್ನ ಬಡಿಸಿದಳು. ಇಬ್ಬರೂ ಕೂತು ಬಾಣಲೆ ಬಳಿದು ಉಂಡರು. ಕೈ ತೊಳೆದು ಬಂದವಳೇ ಬರೆದಳು:

"ನೊಬುಕೊ ತಂಗಿಗೆ. ಬೇಸರ ಏನೂ ಇಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ ಒಗ್ಗರಣೆ ಬಿತ್ತು. ಎರಡು ಸಲ ನನ್ನ ಕೈ, ಒಂದು ಸಲ ದೇವೀರಕ್ಕನದು. ಚೆನ್ನಾಗಿತ್ತು. ಮಿಸೊ ಮುಗಿದಿದೆ."

ಅಂಚೆ ಕಚೇರಿಯಲ್ಲಿ ಲಕೋಟೆಗೆ ಅಂಟು ಹಚ್ಚಿ, ಅಂಚೆಚೀಟಿ ಅಂಟಿಸಿ, ಪೆಟ್ಟಿಗೆಯ ಬಾಯಿಗೆ ಕೈ ಹಾಕುವಷ್ಟರಲ್ಲಿ ಜೊತೆಗೆ ಬಂದಿದ್ದ ದೇವೀರಮ್ಮ ತಡೆದಳು.

"ಇಂಗು ಹಾಕಿದ್ದು ಬರ್ದ್ಯಾ?"

"ಅಂಟಿಸ್ಬಿಟ್ಟಿವ್ನಲ್ಲಕ್ಕ!"

ಕೌಂಟರಿನ ದಾರ ಕಟ್ಟಿದ ಪೆನ್ನು ಎಳೆದು, ಲಕೋಟೆಯ ಬೆನ್ನ ಮೇಲೆ "ಇಂಗು ಕೂಡ" ಎಂದು ಬರೆದು, ಹೊನ್ನಾಜಮ್ಮ ಕಾಗದವನ್ನು ಪೆಟ್ಟಿಗೆಗೆ ಹಾಕಿದಳು.